ರಸಬಾಳೆ ಮೇಲಿನ ನೊಣ ಉವಾಚ

ನಮ್ಮ ಬೀದಿಯ ನೊಣದ ಗಲಾಟೆಯನ್ನು ಮತ್ತೆ ವಿವರಿಸುವ ಅಗತ್ಯವಿಲ್ಲ. ಎದುರುಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರರು ಊಟದ ಮೇಜಿನ ಮೇಲಿದ್ದ ನಂಜನಗೂಡು ರಸಬಾಳೆ ಚಿಪ್ಪಿನ ಫೋಟೊ ತೆಗೆದದ್ದು, ಅದರಲ್ಲಿ ಎಳ್ಳುಕಾಳಿನಷ್ಟು ಕಂಡ ಚುಕ್ಕೆಗೆ ಅವರ ಫೋನು ‘ಡ್ರೊಸೊಫಿಲ ಸುಜುಕಿ, ಶೇ 98 ಖಚಿತ’ ಎಂದು ತೀರ್ಪು ಕೊಟ್ಟದ್ದು, ‘ವಿದೇಶಿ ಕೀಟ ಮೈಸೂರಿಗೆ ಬಂತು’ ಎಂಬ ಸುದ್ದಿ ಸಂಜೆಯೊಳಗೆ ಕುವೆಂಪುನಗರ ದಾಟಿದ್ದು, ಮರುದಿನ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡ ಹುಡುಗರು ಬಂದು ಬೀದಿಯ ಅಡುಗೆಮನೆಗಳಿಗೆಲ್ಲ ಔಷಧಿ ಹೊಡೆದು ಮನೆಗಿಷ್ಟು ಎಂದು ವಸೂಲಿ ಮಾಡಿಕೊಂಡು ಹೋದದ್ದು, ಎಲ್ಲ ನಿಮಗೆ ಗೊತ್ತೇ ಇದೆ. ಎರಡು ದಿನ ನಮ್ಮ ಮನೆಯ ಸಾರಿನಲ್ಲಿ ಇಂಗಿನ ವಾಸನೆಯ ಬದಲು ಸೀಮೆಎಣ್ಣೆಯ ವಾಸನೆ ಬರುತ್ತಿತ್ತು ಎಂಬುದನ್ನು ಮಾತ್ರ ದಾಖಲೆಗಾಗಿ ಸೇರಿಸುತ್ತೇನೆ.

ನನ್ನ ಆಕ್ಷೇಪ ಬೇರೆ. ಆರೋಪಿಯ ಹೇಳಿಕೆಯನ್ನು ಯಾರೂ ಪಡೆಯಲಿಲ್ಲ. ಹೊಗೆಯಿಂದ ಹೇಗೋ ಪಾರಾಗಿ ನಮ್ಮ ಮನೆಯ ಹಣ್ಣಿನ ಬುಟ್ಟಿಯ ಅಂಚಿಗೆ ಬಂದು ಕೂತಿದ್ದ ನೊಣವೊಂದನ್ನು ಮಾತಾಡಿಸಿದೆ. ಹೆಣ್ಣುನೊಣ. ಅದನ್ನೂ ಆಕೆಯೇ ಹೇಳಬೇಕಾಯಿತು. ಮಾತಿಗೆ ಒಂದೇ ಷರತ್ತು ಹಾಕಿದರು: ಫೋಟೊ ತೆಗೆಯಕೂಡದು.

ಪ್ರ: ನಮಸ್ಕಾರ. ತಮ್ಮ ಹೆಸರು?

ನೊಣ: ಯಾಕೆ, ಜೇಬಲ್ಲಿ ಫೋನಿಲ್ಲವೇ?

ಪ್ರ: ಫೋನು ‘ಸುಜುಕಿ’ ಅಂತು.

ನೊಣ: ಷೋರೂಮಿಂದ ಇಳಿದು ಬಂದವಳ ಥರ ಕಾಣ್ತೀನೇನು? ಸುಜುಕಿಯವರದು ಬೇರೆ ಮನೆ ಸ್ವಾಮಿ. ಜಪಾನಿನ ಮಾತ್ಸುಮುರ ಅನ್ನೋರು 1931ರಲ್ಲಿ ಅವರಿಗೆ ಹೆಸರಿಟ್ಟರು. ಅವರಲ್ಲಿ ಗಂಡಿಗೆ ಎರಡೂ ರೆಕ್ಕೆಯ ತುದಿಯ ಹತ್ತಿರ ಒಂದೊಂದು ಕಪ್ಪು ಬೊಟ್ಟು. ಹೆಣ್ಣಿಗೆ ಬೊಟ್ಟಿಲ್ಲ, ಅವಳ ಹತ್ತಿರ ಇರೋದು ಗರಗಸ. ಮೊಟ್ಟೆ ಇಡೋ ಅಂಗಕ್ಕೇ ಹಲ್ಲು. ಗಿಡದಲ್ಲಿ ಇನ್ನೂ ಗಟ್ಟಿಯಾಗಿರೋ ಚೆರ್ರಿ, ಸ್ಟ್ರಾಬೆರಿಯ ಸಿಪ್ಪೆ ಕೊಯ್ದು ಒಳಗೆ ಮೊಟ್ಟೆ ಇಡ್ತಾಳೆ. 2008ರ ಹೊತ್ತಿಗೆ ಕ್ಯಾಲಿಫೋರ್ನಿಯಕ್ಕೂ ಯುರೋಪಿಗೂ ಕಾಲಿಟ್ಟು ಅಲ್ಲಿಯ ತೋಟದವರ ನಿದ್ದೆ ಕೆಡಿಸಿದಳು. ನಾವು ಬಡಪಾಯಿಗಳು. ಕಳಿತು ಹುಳಿ ಬಂದದ್ದು, ಕೊಳೆತು ನೀರು ಬಿಟ್ಟದ್ದು, ಮನೆಯ ಯಜಮಾನರು ‘ಇವತ್ತು ಬೇಡ, ನಾಳೆ ತಿಂತೀನಿ’ ಅಂತ ಬಿಟ್ಟದ್ದು, ಅಷ್ಟೇ ನಮ್ಮ ಪಾಲು.

ಪ್ರ: ಆದರೆ ಫೋಟೊದಲ್ಲಿ ಕಪ್ಪು ಬೊಟ್ಟು ಸ್ಪಷ್ಟವಾಗಿ ಕಾಣುತ್ತಿತ್ತಲ್ಲ?

ನೊಣ: ಅದು ಬಾಳೆಹಣ್ಣಿನ ಸಿಪ್ಪೆಯದ್ದು! ಹಣ್ಣು ಕಳಿತರೆ ಸಿಪ್ಪೆ ಮೇಲೆ ಕಪ್ಪು ಚುಕ್ಕೆ ಬೀಳುತ್ತೆ ಅನ್ನೋದು ನಂಜನಗೂಡಿನ ಕೈಕೂಸಿಗೂ ಗೊತ್ತು. ನಾನು ಆ ಚುಕ್ಕೆಯ ಪಕ್ಕ ಕೂತಿದ್ದೆ. ಮ್ಯಾನೇಜರ ಕೈ ಬೇರೆ ನಡುಗ್ತಿತ್ತು. ಇನ್ನೊಂದು ಕೇಳಿ. ರೆಕ್ಕೆ ಮೇಲೆ ನಿಜವಾಗಲೂ ಬೊಟ್ಟಿದ್ದರೂ ಸುಜುಕಿ ಅಂತ ಹೇಳೋ ಹಾಗಿಲ್ಲ. ನಮ್ಮ ದೇಶದಲ್ಲೇ ಬೈಯಾರ್ಮಿಪೆಸ್ ಅಂತ ಒಬ್ಬರಿದ್ದಾರೆ. ಅವರ ಗಂಡಸರಿಗೂ ಅದೇ ಬೊಟ್ಟು.

ಪ್ರ: ಆದರೂ ಶೇ 98 ಅಂದರೆ...

ನೊಣ: ಉಳಿದ ಎರಡರಲ್ಲಿ ನಾನಿದ್ದೀನಿ.

ಪ್ರ: ಯಂತ್ರ ಗುರುತು ಹಿಡಿಯುವ ಮಾತು ಬಂದದ್ದರಿಂದ ಕೇಳುತ್ತೇನೆ. ನ್ಯಾಯಬೆಲೆ ಅಂಗಡಿಯಲ್ಲೂ ಈಗ ಮನುಷ್ಯರನ್ನು ಗುರುತಿಸುವುದು ಯಂತ್ರವೇ. ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವ ಅಕ್ಕನ ಹೆಬ್ಬೆಟ್ಟು...

ನೊಣ: ನಾನು ರೇಷನ್ ಕಾರ್ಡಿಗೆ ಅರ್ಜಿ ಹಾಕಿಲ್ಲ. ಮುಂದಿನ ಪ್ರಶ್ನೆ.

ಪ್ರ: ಸರಿ. ಔಷಧಿ ಹೊಡೆದಾಗ ನಿಮ್ಮ ಬಂಧುಬಳಗದಲ್ಲಿ ಬಹಳ ಜನ ತೀರಿಕೊಂಡಿರಬೇಕು.

ನೊಣ: ತೀರಿಕೊಂಡರು. ಮೊಟ್ಟೆ ಒಡೆದು, ಹುಳುವಾಗಿ, ಗೂಡು ಕಟ್ಟಿ, ರೆಕ್ಕೆ ಬಿಚ್ಚೋದಕ್ಕೆ ನಮಗೆ ಹತ್ತು ದಿನ ಸಾಕು. ಮುಂದಿನ ಅಮಾವಾಸ್ಯೆ ಹೊತ್ತಿಗೆ ಮನೆ ತುಂಬುತ್ತೆ. ಅದು ಬಿಡಿ. ಮಾವಿನ ವಿಷಯಕ್ಕೆ ಬನ್ನಿ.

ಪ್ರ: ಮಾವಿನ ವಿಷಯ ನಾನು ಎತ್ತಲೇ ಇಲ್ಲವಲ್ಲ?

ನೊಣ: ಯಾರೂ ಎತ್ತೋದಿಲ್ಲ, ಅದೇ ನನ್ನ ಸಂಕಟ. ಬಾದಾಮಿ ಹಣ್ಣು ಕೊಯ್ದಾಗ ಒಳಗಿಂದ ಬಿಳಿ ಹುಳ ಪುಟಕ್ಕಂತ ಜಿಗೀತದಲ್ಲ, ಅದನ್ನ ಇಟ್ಟೋಳು ಯಾರು? ನಾನಲ್ಲ. ಬ್ಯಾಕ್ಟ್ರೊಸೆರ ಡಾರ್ಸಾಲಿಸ್ ಅಂತ, 1912ರಲ್ಲಿ ಹೆಂಡೆಲ್ ಹೆಸರಿಟ್ಟ ಮಹಾತಾಯಿ. ನಾನು ಎರಡೂವರೆ ಮಿಲಿಮೀಟರು. ಅವಳು ನನ್ನ ಮೂರರಷ್ಟು. ಮೈಮೇಲೆ ಕಣಜದ ಹಾಗೆ ಹಳದಿ ಕಪ್ಪು ಪಟ್ಟೆ, ಹಿಂದೆ ದಬ್ಬಣ. ನಮಗೂ ಅವರಿಗೂ ಕುಟುಂಬವೇ ಬೇರೆ. ಕೊಡೋ ತಗೊಳ್ಳೋ ಸಂಬಂಧ ಇಲ್ಲ. ಆದರೆ ಲೋಕದ ಬಾಯಲ್ಲಿ ಇಬ್ಬರೂ ‘ಹಣ್ಣುನೊಣ’. ನೆನಪಿದೆಯಾ, 2014ರ ಮೇ 1ರಿಂದ ಯುರೋಪಿಯನ್ ಒಕ್ಕೂಟದವರು ನಿಮ್ಮ ಆಲ್ಫಾನ್ಸೊ ಬೇಡ ಅಂದರು? ಮಾವಿನ ಜೊತೆಗೆ ಬದನೆ, ಹಾಗಲ, ಪಡವಲ, ಕೆಸು, ಎಲ್ಲ ವಾಪಸ್. ಪೆಟ್ಟಿಗೆಯಲ್ಲಿ ಹಣ್ಣುನೊಣ ಸಿಕ್ಕಿತು ಅಂತ. ಮಾವಿಗೆ ಮತ್ತೆ ಬಾಗಿಲು ತೆರೆದದ್ದು 2015ರ ಆರಂಭದಲ್ಲಿ. ಇವತ್ತಿಗೂ ಹಣ್ಣುನೊಣ ಅಂತ ಬರೆದ ಕಡೆ ಕೆಂಪು ಕಣ್ಣಿನ ನನ್ನ ಚಿತ್ರ ಅಂಟಿಸೋರಿದ್ದಾರೆ. ತಿಂದವಳು ಅವಳು, ಮೂತಿಗೆ ಒರೆಸಿದ್ದು ನನಗೆ.

ಪ್ರ: ನಿಮ್ಮ ಸಾಧನೆಗಳ ಬಗ್ಗೆ ಕೇಳಬೇಕೆಂದಿದ್ದೆ. ನೊಬೆಲ್...

ನೊಣ: 1933ರಲ್ಲಿ ಮಾರ್ಗನ್ನಿಗೆ, 1946ರಲ್ಲಿ ಮುಲ್ಲರ್‌ಗೆ, 1995ರಲ್ಲಿ ಮೂವರಿಗೆ, 2017ರಲ್ಲಿ ಇನ್ನು ಮೂವರಿಗೆ. ಎಲ್ಲ ನಮ್ಮನ್ನು ನೋಡಿ ಬರೆದ ಪರೀಕ್ಷೆ. 1947ರಲ್ಲಿ ರಾಕೆಟ್ ಹತ್ತಿ ಅಂತರಿಕ್ಷ ಮುಟ್ಟಿ ಜೀವಸಹಿತ ಇಳಿದದ್ದೂ ನಾವೇ. ಗಗನಯಾನಕ್ಕೆ ಅಂತ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ನಮಗೊಂದು ಡಬ್ಬಿ ಮಾಡಿದ್ದಾರಂತೆ, ಒಳ್ಳೆಯದೇ. ಆದರೆ ಅವಳಿದ್ದಾಳಲ್ಲ ಮಾವಿನವಳು, ಅವಳ ವಿಷಯ ಇನ್ನೂ ಮುಗಿದಿಲ್ಲ. ಅವಳು 2003ರಲ್ಲಿ ಕೆನ್ಯಾದಲ್ಲಿ ಕಾಣಿಸಿಕೊಂಡಳು. ಯಾರಿವಳು, ಹೊಸಬಳು ಅಂತ 2005ರಲ್ಲಿ ‘ಇನ್ವೇಡೆನ್ಸ್’ ಅಂತ ಬೇರೆ ಹೆಸರಿಟ್ಟರು. ಆಗ್ನೇಯ ಏಷ್ಯಾದಲ್ಲಿ ‘ಪಪಾಯೆ’ ಅಂತ ಇನ್ನೊಂದು ಹೆಸರಲ್ಲಿ ಓಡಾಡ್ತಿದ್ದಳು. ಮೈಮೇಲಿನ ಗೆರೆ, ವಂಶವಾಹಿ, ವಾಸನೆ, ಸಂಸಾರ, ಎಲ್ಲ ತಾಳೆ ಹಾಕಿ 2015ರಲ್ಲಿ ‘ಇವರೆಲ್ಲ ಒಬ್ಬಳೇ’ ಅಂತ ತೀರ್ಮಾನ ಆಯ್ತು. ನೊಣ ಕೈಯಲ್ಲಿ ಹಿಡಿದು, ಸೂಜಿಗೆ ಚುಚ್ಚಿ, ದೇಶದೇಶದವರು ಕೂತು ನೋಡಿದರೂ ಹತ್ತು ವರ್ಷ ಬೇಕಾಯ್ತು. ನಿಮ್ಮ ಮ್ಯಾನೇಜರಿಗೆ ಹಲ್ಲು ಕಡ್ಡಿ ಹುಡುಕೋ ಹೊತ್ತಲ್ಲಿ ಗೊತ್ತಾಗೋಯ್ತು!

ಪ್ರ: ಅವರು ಹವ್ಯಾಸಿಗಳು ಪಾಪ. ತಪ್ಪು ಹೆಸರಿನಿಂದ ಆಗುವ ನಷ್ಟವಾದರೂ ಏನು?

ನೊಣ: ನಿಮ್ಮ ಬೀದಿಯಲ್ಲಿ ಏನಾಯ್ತು? ಸಾರು ಕೆಟ್ಟಿತು, ಅಷ್ಟೇ. ಶ್ರೀನಿವಾಸಪುರದ ಕಡೆ ಹೋಗಿ. ಮಾವು ಬಲಿಯೋ ಹೊತ್ತು. ತೋಟದವರು ಹಣ್ಣಿನ ಮೇಲೆ ಕೂತ ನೊಣವೊಂದರ ಫೋಟೊ ತೆಗೆದು ಔಷಧಿ ಅಂಗಡಿಗೆ ಕಳಿಸ್ತಾರೆ. ಅಂಗಡಿಯವನು ಗಲ್ಲದ ಮೇಲೆ ಕೂತು ಒಂದು ಕಣ್ಣಲ್ಲಿ ನೋಡಿ ಬಾಟಲಿ ಎತ್ತಿಡ್ತಾನೆ. ಫೋಟೊದಲ್ಲಿದ್ದದ್ದು ಮಾವಿನವಳೋ, ಉದುರಿ ಕೊಳೆತ ಹಣ್ಣಿಗೆ ಬಂದ ನಾನೋ, ಗಿಡದ ಹೇನು ತಿಂದು ಬೆಳೆದು ರೈತನಿಗೆ ಉಪಕಾರ ಮಾಡೋ ಹೂನೊಣವೋ, ಯಾರು ಕೇಳ್ತಾರೆ? ಮಾವಿನವಳೇ ಅಂತಿಟ್ಟುಕೊಳ್ಳಿ. ಅವಳ ಮರಿ ಇರೋದು ತಿರುಳಿನ ಒಳಗೆ, ಔಷಧಿ ಬೀಳೋದು ಸಿಪ್ಪೆ ಮೇಲೆ. ಮರಿ ಬಲಿತ ಮೇಲೆ ಜಿಗಿದು ಮಣ್ಣಿಗೆ ಇಳಿಯುತ್ತೆ. ಉದುರಿದ ಹಣ್ಣು ಆರಿಸಿ ಗುಂಡಿಗೆ ಹಾಕಿ ಮುಚ್ಚಬೇಕು, ಮರದ ಬುಡ ಕೆದಕಬೇಕು, ಮೀಥೈಲ್ ಯೂಜಿನಾಲ್ ಅದ್ದಿದ ಬಿಲ್ಲೆ ಇಟ್ಟು ಬಲೆ ತೂಗುಹಾಕಿದರೆ ಅವಳ ಗಂಡಸರೆಲ್ಲ ಬಂದು ಬೀಳ್ತಾರೆ. ಇದನ್ನ ಹೇಳೋನಿಗೆ ಬಾಟಲಿ ಮಾರಾಟ ಆಗೋದಿಲ್ಲ. ಬಿಡಿ, ನನಗೇನು. ನಾನು ಮಾವಿನವಳಲ್ಲ ಅಂತ ಒಂದು ಸಲ ದೊಡ್ಡಕ್ಷರದಲ್ಲಿ ಬರೆದುಬಿಡಿ.

ಪ್ರ: ಬರೆಯೋಣ. ಆದರೆ ನೀವು ಯಾರು ಅಂತ ಹೇಳದೆ, ಯಾರಲ್ಲ ಅಂತ ಹೇಗೆ ಬರೆಯಲಿ?

ನೊಣ: ನಮ್ಮ ಮನೆತನ ಡ್ರೊಸೊಫಿಲ. 1823ರಲ್ಲಿ ಫಾಲೆನ್ ಅನ್ನೋ ಸ್ವೀಡನ್ನಿನವರು ಇಟ್ಟ ಹೆಸರು. ಅಲ್ಲಿಗೆ ನಿಲ್ಲಿಸಿದರೆ ಮರ್ಯಾದೆ. ಮುಂದಕ್ಕೆ ಹೋಗ್ತೀನಿ ಅಂದರೆ ನಿಮ್ಮ ಚಾಮುಂಡಿಬೆಟ್ಟಕ್ಕೇ ಹೋಗಿ. ಮಾನಸಗಂಗೋತ್ರಿಯ ವಿಶ್ವವಿದ್ಯಾಲಯದವರು ಬಾಟಲಿಯಲ್ಲಿ ಕೊಳೆತ ಬಾಳೆಹಣ್ಣು ತುಂಬಿ ಮರಕ್ಕೆ ಕಟ್ಟಿ, ಬೆಟ್ಟದ ಬುಡದಿಂದ ಮೇಲಿನವರೆಗೆ ನಮ್ಮವರನ್ನ ಹಿಡಿದು, ಅದೊಂದೇ ಬೆಟ್ಟದಲ್ಲಿ 20 ಪ್ರಭೇದ ಲೆಕ್ಕ ಕೊಟ್ಟಿದ್ದಾರೆ. ಅನನಾಸೆ, ಬೈಪೆಕ್ಟಿನಾಟ, ನಸೂಟ, ಪಂಜಾಬಿನ ಮಾಲೇರ್‌ಕೋಟ್ಲ ಊರಿನ ಹೆಸರು ಹೊತ್ತ ಮಾಲೇರ್‌ಕೋಟ್ಲಿಯಾನ. ಎಲ್ಲ ಹೆಚ್ಚುಕಡಿಮೆ ಇಷ್ಟೇ ಉದ್ದ, ಕಂದು ಮೈ, ಕೆಂಪು ಕಣ್ಣು. ನಸೂಟಳ ಒಬ್ಬ ಅಕ್ಕ ಇದ್ದಾಳೆ, ಆಲ್ಬೊಮೈಕನ್ಸ್. ಮುಖ ನೋಡಿದರೆ ಅವಳಿ. ಕ್ರೋಮೋಸೋಮು ಎಣಿಸಿದರೆ ನಸೂಟಗೆ 8, ಆಲ್ಬೊಮೈಕನ್ಸ್‌ಗೆ 6. ನಿಮ್ಮ ಫೋನಲ್ಲಿ ಎಣಿಸಿ ನೋಡೋಣ.

ಪ್ರ: ಗಂಗೋತ್ರಿಯವರನ್ನು ಬಹಳ ಅಭಿಮಾನದಿಂದ ನೆನೆಯುತ್ತೀರಿ. ಅಲ್ಲಿ ನಿಮ್ಮವರನ್ನು ಬಾಟಲಿಯಲ್ಲಿ ಕೂಡಿಹಾಕಿ, ಈಥರ್ ಮೂಸಿಸಿ, ಪ್ರಯೋಗ ಮಾಡುತ್ತಾರಲ್ಲ?

ನೊಣ: ಮಾಡ್ತಾರೆ. ಊಟಕ್ಕೆ ಏನು ಕೊಡ್ತಾರೆ ಗೊತ್ತೇ? ಬೆಲ್ಲದ ಪಾಕಕ್ಕೆ ಗೋಧಿ ರವೆ ಹಾಕಿ ಕುದಿಸಿ, ಗಟ್ಟಿಯಾಗಲಿ ಅಂತ ಅಗರ್ ಸೇರಿಸಿ, ಬೂಸ್ಟು ಬರದ ಹಾಗೆ ಒಂದಿಷ್ಟು ಪ್ರೊಪಿಯಾನಿಕ್ ಆಮ್ಲ. ತುಪ್ಪ ದ್ರಾಕ್ಷಿ ಇಲ್ಲದ ಕೇಸರಿಬಾತು. ಮೈಸೂರಿನವರು ನೊಣಕ್ಕೂ ಸಜ್ಜಿಗೆ ಮಾಡಿ ಹಾಕದೆ ಬಿಡೋದಿಲ್ಲ. ಅದಕ್ಕಿಂತ ಮುಖ್ಯವಾಗಿ ಅಲ್ಲಿಯವರು ನಮ್ಮನ್ನ ನೋಡಿದ ತಕ್ಷಣ ಹೆಸರು ಹೇಳೋದಿಲ್ಲ. ಸೂಕ್ಷ್ಮದರ್ಶಕದ ಕೆಳಗೆ ಹಾಕಿ, ಬ್ರಷ್ಷಲ್ಲಿ ಮಗ್ಗುಲು ಹೊರಳಿಸಿ, ಮುಂಗಾಲಿನ ಬಾಚಣಿಗೆ ನೋಡಿ, ‘ಉಹೂಂ, ಇನ್ನೊಂದು ಗಂಡು ಬರಲಿ’ ಅಂತ ಕಾಯ್ತಾರೆ.

ಪ್ರ: ಗಂಡೇ ಯಾಕೆ ಬೇಕು?

ನೊಣ: ಇದು ಸ್ವಲ್ಪ ಸಂಕೋಚದ ಮಾತು. ನಮ್ಮಲ್ಲಿ ಮೆಲನೊಗ್ಯಾಸ್ಟರ್ ಅಂತ ಒಂದು ಮನೆ, ಸಿಮ್ಯುಲನ್ಸ್ ಅಂತ ಇನ್ನೊಂದು ಮನೆ. ಮೊದಲನೆಯದಕ್ಕೆ ಹೆಸರಿಟ್ಟದ್ದು 1830ರಲ್ಲಿ. ಎರಡನೆಯದು ಬೇರೆ ಇದೆ ಅಂತ ತಿಳಿದದ್ದು 1919ರಲ್ಲಿ. ನಡುವಿನ ಅಷ್ಟೂ ವರ್ಷ ಎರಡು ಮನೆಯವರನ್ನೂ ಒಂದೇ ಖಾತೆಯಲ್ಲಿ ಬರೆದಿದ್ದರು. ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಮಾರ್ಗನ್ ತಂಡದವರು ಹಾಲಿನ ಬಾಟಲಿಗಳಲ್ಲಿ ನಮ್ಮನ್ನ ಸಾಕಿ ಹಗಲೂ ರಾತ್ರಿ ದಿಟ್ಟಿಸುತ್ತಿದ್ದರು, ಅವರಿಗೂ ಗೊತ್ತಾಗಿರಲಿಲ್ಲ. ಕೊನೆಗೆ ಪತ್ತೆ ಹಚ್ಚಿದ್ದು ಸ್ಟರ್ಟೆವಂಟ್. ಕೆಂಪು ಯಾವುದು ಹಸಿರು ಯಾವುದು ಸರಿಯಾಗಿ ಕಾಣದ ಕಣ್ಣು ಆತನದು, ನೋಡಿ! ಕೂಡಿಸಿದ ಜೋಡಿಗಳ ಸಂತಾನ ಬಂಜೆಯಾಗುತ್ತಿದ್ದದ್ದು ಗಮನಿಸಿ ಎರಡು ಜಾತಿ ಬೆರೆತಿದೆ ಅಂತ ಹಿಡಿದ. ಈ ಎರಡು ಮನೆಯವರನ್ನ ಬೇರೆ ಮಾಡೋದಕ್ಕೆ ಗಂಡಿನ ಬಾಲದ ತುದಿಯ ಕೆಳಗೆ ಒಂದು ಪುಟ್ಟ ಎಸಳು ನೋಡಬೇಕು. ಸಿಮ್ಯುಲನ್ಸ್‌ನದು ಅಗಲ, ಕಪ್ಪೆಚಿಪ್ಪಿನ ಆಕಾರ. ಮೆಲನೊಗ್ಯಾಸ್ಟರ್‌ನದು ಸಣ್ಣದು, ಕೊಕ್ಕೆ. ಹೆಣ್ಣನ್ನ ನೋಡಿ ಹೇಳೋದು ಪಳಗಿದವರಿಗೂ ಹೆಚ್ಚುಕಡಿಮೆ ಆಗದ ಮಾತು.

ಪ್ರ: ಅಂದರೆ ನಿಮ್ಮ ಗುರುತು ಹಿಡಿಯಲು ನಿಮ್ಮ ಯಜಮಾನರನ್ನು ಕರೆಸಬೇಕು.

ನೊಣ: ಅವರ ಬಾಲ ಸಮೇತ. ಎಲ್ಲ ಅರ್ಜಿಯಲ್ಲೂ ‘ಗಂಡನ ಹೆಸರು’ ಅಂತ ಕಾಲಂ ಇಡೋ ದೇಶದವರು, ನಿಮಗೆ ಆಶ್ಚರ್ಯ ಆಗಬಾರದು.

ಪ್ರ: ಅರ್ಜಿ ಅಂದಿರಲ್ಲ, ಅದಕ್ಕೇ ಕೇಳುತ್ತೇನೆ. ಪಾತ್ರೆ ತೊಳೆಯುವ ನಮ್ಮ ಅಕ್ಕ...

ನೊಣ: ಮತ್ತೆ ಬಂತು! ಸ್ವಾಮಿ, ಇದು ನನ್ನ ಸಂದರ್ಶನವೋ ನಿಮ್ಮ ರೇಷನ್ ಅಂಗಡಿ ಅಂಕಣವೋ? ಕಳೆದ ತಿಂಗಳು ಬಸ್ ನಿಲ್ದಾಣದ ಬಗ್ಗೆ ಬರೀತೀನಿ ಅಂತ ಹೊರಟು ಹೆಬ್ಬೆಟ್ಟಿಗೇ ಬಂದು ನಿಂತಿರಿ. ಅದಕ್ಕೂ ಹಿಂದೆ ದಸರಾ ಆನೆ. ಅದೂ ಹೆಬ್ಬೆಟ್ಟಿಗೆ ಬಂತು. ಆನೆಗೆ ಹೆಬ್ಬೆಟ್ಟೆಲ್ಲಿ?

ಪ್ರ: ಕೇಳಿ ತಾಯಿ. ಇದೊಂದು ಸಲ ಪೂರ್ತಿ ಹೇಳಲು ಬಿಡಿ. ಆಕೆಯ ಕೈ ಮೂವತ್ತು ವರ್ಷದಿಂದ ಬೂದಿಯಲ್ಲಿ, ಸಾಬೂನಿನಲ್ಲಿ, ತಂತಿ ನಾರಿನಲ್ಲಿ ಆಡಿದ ಕೈ. ಬೆರಳ ತುದಿಯಲ್ಲಿ ಗೆರೆ ಉಳಿದಿಲ್ಲ. ನಮ್ಮ ಪಾತ್ರೆ ತಿಕ್ಕಿಯೇ ಸವೆದದ್ದು. ಅಂಗಡಿಯ ಯಂತ್ರಕ್ಕೆ ಹೆಬ್ಬೆಟ್ಟು ಒತ್ತಿದರು, ಹೊಂದಲಿಲ್ಲ. ಸೆರಗಲ್ಲಿ ಒರೆಸಿ ಒತ್ತು ಅಂದರು, ಒತ್ತಿದರು. ತಲೆಗೆ ಸವರಿ ಒತ್ತು ಅಂದರು, ಬೇರೆ ಬೆರಳು ಇಡು ಅಂದರು, ಹತ್ತು ಬೆರಳೂ ಮುಗಿಯಿತು. ‘ನಾಳೆ ಬಾ.’ ನಾಳೆ ಅಂದರೆ ನಾಲ್ಕು ಮನೆಯ ಕೆಲಸ ಬಿಟ್ಟು ಮತ್ತೆ ಸಾಲಲ್ಲಿ ನಿಲ್ಲಬೇಕು. ನಿಂತರು. ಸರ್ವರ್ ಇರಲಿಲ್ಲ. ತಿಂಗಳು ಮುಗಿಯಿತು. ಆ ತಿಂಗಳ ಅಕ್ಕಿ ಹೋಯಿತು. ಅಂಗಡಿಯವನಿಗೆ ಆಕೆ ಯಾರೆಂದು ಗೊತ್ತಿಲ್ಲವೇ? ಆಕೆಯ ಮದುವೆಯಲ್ಲಿ ಉಂಡವನು ಅವನು. ‘ನೀನೇ ಅಂತ ನನಗೆ ಗೊತ್ತಮ್ಮ, ಮಿಷನ್ನಿಗೆ ಗೊತ್ತಾಗಬೇಕಲ್ಲ’ ಅಂದನಂತೆ. ಬೆರಳಚ್ಚು ಹೊಂದಲಿಲ್ಲವೆಂಬ ಕಾರಣಕ್ಕೆ ಯಾರಿಗೂ ಪಡಿತರ ನಿರಾಕರಿಸಬಾರದು, ಬೇರೆ ಗುರುತು ನೋಡಿ ಕೊಡಬೇಕು ಎಂದು ಕೇಂದ್ರದ ಆಹಾರ ಇಲಾಖೆ 2017ರಲ್ಲೇ ಸುತ್ತೋಲೆ ಹೊರಡಿಸಿದೆ. ಆ ಸುತ್ತೋಲೆಯ ಪ್ರತಿ ತೆಗೆದುಕೊಂಡು ನಾನೇ ಹೋದೆ. ಅಂಗಡಿಯವನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದ, ಮಡಿಸಿ ವಾಪಸ್ ಕೊಟ್ಟ. ‘ಕಾಗದ ಸರಿಯಾಗೇ ಇದೆ ಸಾರ್. ಮಿಷನ್ನಲ್ಲಿ ಈ ಬಟನ್ ಇಲ್ಲ’ ಅಂದ. ಅವನ ಮೇಲೆ ಸಿಟ್ಟು ಮಾಡಿ ಏನು? ಅವನಿಗೆ ತಿಳಿದದ್ದನ್ನು ತಿಳಿದಿದೆ ಎಂದು ಹೇಳುವ ಅಧಿಕಾರವನ್ನೇ ಕಿತ್ತುಕೊಂಡಿದ್ದಾರೆ. ಎದುರಿಗೆ ನಿಂತ ಹೆಂಗಸು, ಹೆಸರು ಹೇಳುತ್ತಿದ್ದಾಳೆ, ಬೀದಿಯೆಲ್ಲ ಹೌದು ಅನ್ನುತ್ತಿದೆ. ಅವಳು ಅವಳಲ್ಲ. ಇದಕ್ಕೆ ಕಚೇರಿಯ ಭಾಷೆಯಲ್ಲಿ ಸೋರಿಕೆ ತಡೆ ಎಂದು ಹೆಸರು. ಸೋರಿದ್ದು ಏನು, ಅವಳ ಮನೆಯ ಗಂಜಿಯೇ?

ನೊಣ: ಅಂದರೆ ಯಂತ್ರಕ್ಕೆ ನನ್ನ ಕಂಡರೆ ಶೇ 98, ಅವಳ ಕಂಡರೆ ಸೊನ್ನೆ.

ಪ್ರ: ಹೌದು.

ನೊಣ: ಆಕೆಗೆ ಈ ತಿಂಗಳಾದರೂ ಸಿಕ್ಕಿತೇ?

ಪ್ರ: ಸೊಸೆಯ ಬೆರಳಿನಿಂದ ಆಯಿತು. ಸೊಸೆ ಇನ್ನೂ ಎರಡೇ ಮನೆಗೆ ಕೆಲಸಕ್ಕೆ ಹೋಗುತ್ತಾಳೆ, ಗೆರೆ ಇದೆ.

ನೊಣ: ನಿಮ್ಮ ಮ್ಯಾನೇಜರ ಮೇಲೆ ನನಗೆ ಕೋಪ ಇಲ್ಲ ಅಂತ ಈಗ ಹೇಳಿಬಿಡ್ತೀನಿ. ನಮ್ಮನ್ನು ಮೊದಲು ಕಂಡು ಹೆಸರಿಟ್ಟವರಲ್ಲಿ ಹವ್ಯಾಸಿಗಳೂ ಇದ್ದರು. ಮೆಲನೊಗ್ಯಾಸ್ಟರ್ ಹೆಸರು ಕೊಟ್ಟ ಜರ್ಮನಿಯ ಮೈಗೆನ್ ಬಡವ, ಆರ್ಗನ್ ನುಡಿಸಿ, ಪಿಯಾನೊ ಪಾಠ ಹೇಳಿ, ಫ್ರೆಂಚ್ ಕಲಿಸಿ ಹೊಟ್ಟೆ ಹೊರೆದವನು. ಉಳಿದ ಹೊತ್ತಲ್ಲಿ ಮಸೂರ ಹಿಡಿದು ಸಾವಿರಾರು ನೊಣಗಳನ್ನ ನೋಡಿ, ತಾನೇ ಚಿತ್ರ ಬರೆದ. ನಿಮ್ಮ ದೇಶದ ನೊಣಗಳ ಬಗ್ಗೆ ಬ್ರಿಟಿಷರ ಕಾಲದಲ್ಲಿ ದಪ್ಪ ದಪ್ಪ ಸಂಪುಟ ಬರೆದ ಬ್ರುನೆಟ್ಟಿಯೂ ಸಂಗೀತಗಾರನೇ. ಊರೂರು ತಿರುಗಿ ವಾದ್ಯ ನುಡಿಸ್ತಾ ಕಲ್ಕತ್ತೆಗೆ ಬಂದು ನಿಂತ. ಅದೇನು ನಂಟೋ, ನಮ್ಮ ರೆಕ್ಕೆಯ ಶ್ರುತಿ ಸಂಗೀತದ ಮೇಷ್ಟ್ರುಗಳಿಗೇ ಕೇಳಿಸುತ್ತೆ. ನಿಮ್ಮ ಒಂಟಿಕೊಪ್ಪಲಲ್ಲಿ, ಲಕ್ಷ್ಮೀಪುರದಲ್ಲಿ ವೀಣೆ ಮೇಷ್ಟ್ರುಗಳಿಗೆ ಕೊರತೆಯೇ? ಒಬ್ಬರಾದರೂ ಬೇಡವೇ ನಮ್ಮ ಕಡೆ ತಿರುಗಿ ನೋಡೋರು? ಹವ್ಯಾಸಿ ಅಂದರೆ ಬಿಡುವಿರೋನು. ಬಿಡುವಿರೋನು ಕಾಯಬೇಕು. ಇವರು ಬಟನ್ ಒತ್ತಿ ಮುಗಿಸ್ತಾರೆ.

ಪ್ರ: ಆದರೆ ಪರಿಣತರೇ ಬರೀ ಫೋಟೊ ನೋಡಿ ಹೊಸ ಪ್ರಭೇದ ಘೋಷಿಸಿದ್ದೂ ಉಂಟಲ್ಲ?

ನೊಣ: 2015ರ ಆಫ್ರಿಕದ ಕೇಸು ಹೇಳ್ತಿದ್ದೀರಿ. ಮಾರ್ಷಲ್, ಎವನ್‌ಹ್ಯೂಯಿಸ್ ಅಂತ ಇಬ್ಬರು ನೊಣತಜ್ಞರು. ದಕ್ಷಿಣ ಆಫ್ರಿಕದಲ್ಲಿ ಮರ ಕೊರೆಯೋ ದುಂಬಿಯ ವೇಷ ಹಾಕಿದ ಒಂದು ನೊಣ. ಫೋಟೊ ಇತ್ತು, ನೊಣ ಇರಲಿಲ್ಲ. ಆದರೂ ಹೆಸರಿಟ್ಟರು: ಮಾರ್ಲೆಯಿಮಿಯ ಝೈಲೊಕೊಪೆ. ದೊಡ್ಡ ರಂಪ ಆಯ್ತು. ಮುಂದಿನ ವರ್ಷ ಐನೂರರ ಹತ್ತಿರ ಜನ ಸಹಿ ಹಾಕಿ ‘ದೇಹವಿಲ್ಲದೆ ಹೆಸರಿಡೋದು ಸಲ್ಲ’ ಅಂದರು. ನನ್ನ ಕೇಳಿದರೆ, ಆ ನೊಣ ಜಾಣ. ಹೆಸರೂ ಬಂತು, ಸೂಜಿಯೂ ತಪ್ಪಿತು. ಆದರೆ ಒಂದು ನೆನಪಿಡಿ, ಆ ಇಬ್ಬರು ಜೀವಮಾನವೆಲ್ಲ ನೊಣ ಹಿಡಿದವರು. ಆ ನೊಣವನ್ನು ಬೇರೆ ಯಾವುದರ ಜೊತೆಯೂ ಕಲಸಿಕೊಳ್ಳೋ ಹಾಗಿಲ್ಲ ಅಂತ ಎದೆ ತಟ್ಟಿ ಹೇಳಬಲ್ಲವರು. ನನ್ನನ್ನ ಇಪ್ಪತ್ತು ಜನರ ಜೊತೆ ಕಲಸಿಕೊಳ್ಳಬಹುದು, ಅದೂ ಒಂದು ಬೆಟ್ಟದಲ್ಲಿ.

ಪ್ರ: ಹಾಗಾದರೆ ಫೋಟೊ ತೆಗೆಯಲೇಬಾರದೇ?

ನೊಣ: ತೆಗೀರಿ. ಬದಿಯಿಂದ ಒಂದು, ಮೇಲಿಂದ ಒಂದು, ಮುಖದ ಎದುರಿಂದ ಒಂದು. ರೆಕ್ಕೆಯ ನರ ಕಾಣಲಿ, ಮೀಸೆಯ ಗರಿ ಕಾಣಲಿ, ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ಎಲ್ಲಿ, ಯಾವತ್ತು, ಯಾವ ಹಣ್ಣು ಅಂತ ಬರೆದಿಡಿ. ಆಮೇಲೆ ಗೊತ್ತಿರೋರ ಹತ್ತಿರ ಹೋಗಿ. ಅವರು ‘ಇದರಲ್ಲಿ ಹೇಳೋಕಾಗೋಲ್ಲ’ ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಆ ಮಾತು ಹೇಳೋದಕ್ಕೆ ಅವರು ಇಪ್ಪತ್ತು ವರ್ಷ ಓದಿರ್ತಾರೆ. ಮ್ಯಾನೇಜರ ಕೈಲೂ ಆಗ್ತಿತ್ತು. ಬ್ಯಾಂಕಲ್ಲಿ ಸಹಿ ತಾಳೆಯಾಗದ ಚೆಕ್ಕನ್ನ ಎಷ್ಟು ಸಲ ವಾಪಸ್ ಕಳಿಸಿಲ್ಲ ಅವರು? ಮಸುಕು ಫೋಟೊಗೆ ಮಾತ್ರ ಯಾಕೆ ಸಾಲ ಮಂಜೂರು ಮಾಡಿದರು?

ಪ್ರ: ನಿಮ್ಮ ಹೆಸರೇ ಬದಲಾಗುವುದರಲ್ಲಿತ್ತಂತೆ?

ನೊಣ: ಅದೊಂದು ಕಂದಾಯ ಇಲಾಖೆ ಪುರಾಣ. ನಮ್ಮ ಕುಲ ಬಹಳ ದೊಡ್ಡದಾಯ್ತು, ಪಾಲು ಮಾಡಬೇಕು ಅಂತ ಕೆಲವರು ಹೊರಟರು. ಮೂಲ ಖಾತೆ ನೋಡಿದರೆ ಅದು ಫ್ಯೂನೆಬ್ರಿಸ್ ಅನ್ನೋ ದೊಡ್ಡಪ್ಪನ ಹೆಸರಲ್ಲಿದೆ. ಪಾಲಾದರೆ ‘ಡ್ರೊಸೊಫಿಲ’ ಅವನಿಗೆ, ಮೆಲನೊಗ್ಯಾಸ್ಟರ್‌ಗೆ ‘ಸೊಫೊಫೊರ’. ಜಗತ್ತಿನ ಎಲ್ಲ ಪಠ್ಯಪುಸ್ತಕ ತಿದ್ದಬೇಕಾಗ್ತಿತ್ತು! ಖಾತೆಯನ್ನೇ ಮೆಲನೊಗ್ಯಾಸ್ಟರ್ ಹೆಸರಿಗೆ ಮಾಡಿಕೊಡಿ ಅಂತ ಅರ್ಜಿ ಹೋಯ್ತು. 2010ರಲ್ಲಿ ಅರ್ಜಿ ವಜಾ. ಸದ್ಯಕ್ಕೆ ಯಾರೂ ಪಾಲು ಕೇಳಿ ಹಠ ಹಿಡಿದಿಲ್ಲ, ಹಳೆ ಹೆಸರಲ್ಲೇ ಬದುಕಿದ್ದೀವಿ. ನಮ್ಮ ಮೈಸೂರಿನ ಹೆಸರು ಹೊತ್ತ ಮೈಸೂರೆನ್ಸಿಸ್ ಅನ್ನೋರೂ ಇದ್ದಾರೆ, ಅವರನ್ನ ಯಾವ ಫೋನೂ ಕೇಳೋದಿಲ್ಲ.

ಪ್ರ: ಕೊನೆಗೆ ಈ ಸಂದರ್ಶನದ ಕೆಳಗೆ ನಿಮ್ಮ ಹೆಸರು ಏನೆಂದು ಹಾಕಲಿ?

ನೊಣ: ಗೊತ್ತಿರೋರು ಬರೆಯೋ ಹಾಗೆ ಬರೀರಿ. ‘ಡ್ರೊಸೊಫಿಲ ಎಸ್‌ಪಿ, ಹೆಣ್ಣು, ಮೈಸೂರು, ಬಾಳೆಹಣ್ಣಿನ ಮೇಲೆ.’

ಪ್ರ: ಎಸ್‌ಪಿ? ಓದುಗರು ಪೊಲೀಸ್ ಅಧಿಕಾರಿ ಅಂದುಕೊಂಡಾರು.

ನೊಣ: ‘ಪ್ರಭೇದ ಗೊತ್ತಾಗಿಲ್ಲ’ ಅಂತ ಅದರರ್ಥ. ಅಂದುಕೊಂಡರೆ ಅಂದುಕೊಳ್ಳಲಿ. ಔಷಧಿ ಹೊಡೆಯೋ ಮುಂಚೆ ಎರಡು ಸಲ ಯೋಚಿಸ್ತಾರೆ.

ಪ್ರ: ಒಂದು ವಿಷಯ ಹೇಳಿಬಿಡುತ್ತೇನೆ. ಪತ್ರಿಕೆಯವರು ಈ ಬರಹದ ಜೊತೆಗೆ ಒಂದು ಚಿತ್ರವನ್ನು ಈಗಾಗಲೇ ಆರಿಸಿಟ್ಟಿದ್ದಾರೆ.

ನೊಣ: ಯಾರದು? ಮಾವಿನವಳದ್ದಲ್ಲ ತಾನೆ?

ಪ್ರ: ಅಲ್ಲ. ಹಳದಿ ಕಪ್ಪು ಪಟ್ಟೆ, ಹೂವಿನ ಮೇಲೆ ಕೂತಿದೆ. ಡೆಸ್ಕಿನ ಹುಡುಗ ‘ಇದು ಜೇನುಹುಳ ಸಾರ್, ಫೋನಲ್ಲಿ ಚೆಕ್ ಮಾಡಿದೆ, ಆದರೆ ಫೋಟೊ ಚೆನ್ನಾಗಿದೆ’ ಅಂದ.

ನೊಣ: ರೆಕ್ಕೆ ಎಷ್ಟಿವೆ ಎಣಿಸಿದಿರಾ?

ಪ್ರ: ಎಣಿಸಿದೆ. ಎರಡೇ.

ನೊಣ: ಜೇನಿಗೆ ನಾಲ್ಕು ಸ್ವಾಮಿ. ಅದು ಹೂನೊಣ. ಹಾಕಿ ಹಾಕಿ, ಆ ಹುಡುಗನಿಗೆ ಏನೂ ಹೇಳಬೇಡಿ. ಜೇನಿನ ಲೇಖನಕ್ಕೆಲ್ಲ ತಮ್ಮದೇ ಚಿತ್ರ ಹಾಕಿಸಿಕೊಂಡು ಬಂದ ಜನ ಹೂನೊಣದವರು, ಒಂದು ಸಲವಾದರೂ ನೊಣದ ಲೇಖನಕ್ಕೆ ಬರಲಿ.